ಸುಂದರಬಾಯಿಯ ಹಣಿಗೆ ಪೆಟ್ಟಿಗೆ

ಖಟಕ ಚಿಂಚೋಳಿಯಲ್ಲಿ ಸಂಜೆಯಿಂದ ಮಳೆ, ಕರೆಂಟು ಬೇರೆ ಹೋಗಿತ್ತು. ನಾಳೆ ಬೀದರಿನಲ್ಲಿ ನಮ್ಮಕ್ಕ ಆರತಿಯ ಮದುವೆ. ಬ್ಯಾಗು ತುಂಬುತ್ತಿದ್ದ ಅವಳ ಸುತ್ತ ನಾವು ಹುಡುಗಿಯರೆಲ್ಲ ಕೂತಿದ್ದೆವು. ಆಯಿಯ ಹಳೆಯ ಹಣಿಗೆ ಪೆಟ್ಟಿಗೆಯನ್ನೂ ಅವಳು ಬ್ಯಾಗಿಗೆ ಇಳಿಸಿದಳು. ಸಾಗುವಾನಿಯದು, ಮುಚ್ಚಳದೊಳಗೆ ಕನ್ನಡಿ, ಕುಂಕುಮಕ್ಕೆ, ಮೇಣಕ್ಕೆ, ಕಾಡಿಗೆಗೆ ಒಂದೊಂದು ಖಾನೆ. ಮಧ್ಯಾಹ್ನ ಆರತಿ ಅದರ ಹಣಿಗೆಯಿಂದಲೇ ತಲೆ ಬಾಚಿಕೊಂಡಿದ್ದಳು. ಆಯಿ, ಅಂದರೆ ನಮ್ಮ ಅಜ್ಜಿ ಹೀರಾಬಾಯಿ, ಕೋಲಿನಿಂದ ಬ್ಯಾಗನ್ನು ತಟ್ಟಿದಳು.

“ಒಯ್ಯವ್ವ, ಬ್ಯಾಡ ಅನ್ನೂದಿಲ್ಲ. ಆದ್ರ ಅದು ಯಾರದು ಗೊತ್ತದೇನು? ನಂದಲ್ಲ... ನನ್ನ ಸವತಿ ಸುಂದರಬಾಯಿದು. ತವರಿಂದ ತಂದಿದ್ಲು. ಆಕಿ ಹೆಳಲು ಮೊಣಕಾಲಿಗಿ ಬಡೀತಿತ್ತಂತ. ಆಕಿ ಸತ್ತು ವರ್ಷಕ್ಕ ನಿಮ್ಮ ಮುತ್ಯಾ ನನಗ ಮಾಡ್ಕೊಂಡ್ರು. ಮಣ್ಣಿನ ಸವತಿನೂ ಸವತಿನೇ ಅಂತಾರ, ಸತ್ತಾಕಿ ಸಿಟ್ಟಾಗಬಾರದಂತ ಆಕಿ ಹೆಸರಿಲೆ ಬೆಳ್ಳಿ ಬಿಲ್ಲಿ ನನ್ನ ಕೊಳ್ಳಾಗ ಕಟ್ಟಿದ್ರು. ಪೆಟ್ಟಿಗಿನೂ ಕೊಟ್ರು. ಆದ್ರ ಹಣಗ್ಯಾಗಿನ ಆಕಿ ಕೂದಲ ಯಾರೂ ತೆಗದಿದ್ದಿಲ್ಲ... ನಾ ಏನು ಕಡಿಮಿ ಶಾಣ್ಯಾಕೀನಾ? ಅದರಲೇ ಬಾಚ್ಕೊಂಡೆ!

ಮುಂಜಾನಿ ಏಳ್ತೇನಿ, ದಿಂಬಿನ ಮ್ಯಾಲ ನನ್ನ ಕೂದಲ ಮುಷ್ಟಿಗಟ್ಲೆ. ಹಣಗ್ಯಾಗ ಮಾತ್ರ ಆಕಿವು, ಕರ್ರಗ, ಮಾರುದ್ದ, ಆಗಲೇ ಎಣ್ಣಿ ಹಚ್ಚಿದಂಗ... ತೆಗದೊಗದ್ರ ನಾಳಿಗಿ ಮತ್ತ! ಹದಿನೇಳು ವರ್ಷದಾಕಿ ನಾ, ನೆತ್ತಿ ಬೋಳಾತು. ಬೋಡಿನ್ನ ಏನ್ ಮಾಡೂದು, ತವರಿಗಿ ಕಳಸ್ರಿ ಅಂದ್ಲು ಅತ್ತಿ. ಎಷ್ಟು ಅತ್ತೆ ನಾ! ಆಮ್ಯಾಲ ಸಿಟ್ಟು ಬಂತು ನೋಡು... ಒಂದು ಶುಕ್ರವಾರ ಪೆಟ್ಟಿಗಿ ತೆಗದು ಕುಂತೆ. ‘ಏ ಅಕ್ಕಾ, ನಿನ್ನ ಗಂಡಗ ಮಾಡ್ಕೊಂಡೀನಿ, ಖರೇ. ನಿನ್ನ ತಲಿ ಬಾಚಾವ್ರಿಲ್ಲಂದ್ರ ನನ್ನ ತಲಿ ಯಾಕ ಬೋಳಸ್ತಿ? ಬಾ ಕೂಡು, ಬಾಚ್ತೇನಿ’ ಅಂದು ಬರೇ ಗಾಳ್ಯಾಗ ಹಣಗಿ ಆಡಿಸಿದೆ. ಹಣಗಿ ಸಿಕ್ಕೊಂತು... ಗಾಳ್ಯಾಗ! ನಾ ಬಿಡ್ತೇನಾ? ಸಿಕ್ಕು ಬಿಡಿಸಿ ಹೆಳಲು ಹಾಕೇ ಎದ್ದೆ. ಮರುದಿನದಿಂದ ನಂದೊಂದು ಕೂದಲ ಉದುರಿದ್ರ ಕೇಳು. ಅರವತ್ತು ವರ್ಷಾತು, ಪ್ರತಿ ಶುಕ್ರವಾರ ಮೊದಲ ಆಕಿದು, ಆಮ್ಯಾಲ ನಂದು. ಪೆಟ್ಟಿಗಿ ಒಯ್ದಾಕಿ ಇನ್ನ ನೀ ಬಾಚಬೇಕು.”

ನಾವು ಒಬ್ಬರನ್ನೊಬ್ಬರು ಚಿವುಟಿಕೊಂಡು ನಕ್ಕೆವು. ಆಯಿ ನಗಲಿಲ್ಲ.

“ಇವತ್ತ ಶುಕ್ರವಾರ... ಮದಿವಿ ಗದ್ದಲದಾಗ ಮರತೇ ಬಿಟ್ಟೆ. ಆರತಿ, ಹೆಳಲು ಮುಟ್ಟಿ ನೋಡ್ಕೋ.”

ಆರತಿ ಬೆನ್ನ ಹಿಂದೆ ಕೈ ಹಾಕಿದಳು. ಅರ್ಧ ಹೆಳಲು ಅವಳ ಮುಷ್ಟಿಯಲ್ಲೇ ಬಂತು.

“ಅಂಜಬ್ಯಾಡ, ಹಣಗಿ ತಾ ಇಲ್ಲಿ. ಮೊದಲ ಅಕ್ಕಂದು ಬಾಚ್ತೇನಿ... ಜರಾ ಮುಂದ ಸರಿ, ನಿನ್ನ ಬೆನ್ನಿಗಿ ಹತ್ತಿ ಕುಂತಾಳ.”