ಟಿಕಳಿ ಹಚ್ಚಿದ ಗಾಜು

ಇದು ಭೀಮುಗೆ ಆದದ್ದು. ಭೀಮು ಅಂದರೆ ನನ್ನ ಹೆಂಡತಿಯ ತಮ್ಮ. ಕಳವಾ ಅನ್ನುವ ಊರಿನ ಒಂದು ತಬೇಲಾದಲ್ಲಿ, ಅಂದರೆ ಎಮ್ಮೆ ಕೊಟ್ಟಿಗೆಯಲ್ಲಿ, ನಾವಿಬ್ಬರೂ ಹಾಲು ಹಿಂಡುತ್ತೇವೆ. ಅವನು ಕುಡಿಯುವುದಿಲ್ಲ. ಸುಳ್ಳೂ ಹೇಳುವುದಿಲ್ಲ.

ಅವತ್ತು ಡೊಂಬಿವಲಿಯಲ್ಲಿ ಲಗ್ನ ಮುಗಿಸಿ ಕಡೇ ಲೋಕಲ್ ರೈಲಿಗೆ ಬಂದ. ಸ್ಟೇಷನ್ನಿನಿಂದ ಬರುವ ದಾರಿಯಲ್ಲಿ ಒಂದು ಹಳೇ ಬಾವಿ. ಅದರ ಆಚೆ ನಮ್ಮ ತಬೇಲಾ. ಬಾವಿ ದಾಟುವಾಗ ಸಪ್ಪಳ ಕೇಳಿತು.

ಟಿಣ್...

ಗಾಜಿಗೆ ಗಾಜು ತಾಗಿದ ಸಪ್ಪಳ. ಸುಮ್ಮನಾಯಿತು. ಮತ್ತೆ... ಟಿಣ್.

ಭೀಮು ನಿಂತುಬಿಟ್ಟ. ಆ ಸಪ್ಪಳ ಅವನಿಗೆ ಗೊತ್ತು. ನನಗೂ ಗೊತ್ತು. ಅದನ್ನು ಮೊದಲು ಹೇಳಬೇಕು.

ಹಿಂದಿನ ವರ್ಷ ನಮ್ಮ ಎಮ್ಮೆಗಳಿಗೆ ಸರ್ರಾ ಬಂತು. ನೊಣ ಕಚ್ಚಿ ಬರುವ ರೋಗ. ರಕ್ತದಲ್ಲಿ ಕಣ್ಣಿಗೆ ಕಾಣದ ಹುಳ. ಜ್ವರ ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ಕಡೆಗೆ ಎಮ್ಮೆ ಗೂಟದ ಸುತ್ತ ತಿರುಗಿ ತಿರುಗಿ ಬೀಳುತ್ತದೆ. ಆ ಹುಳದ ಮೇಲೆ ಸಂಶೋಧನೆ ಮಾಡುವ ದನದ ಡಾಕ್ಟರ್ ಒಬ್ಬಳು ಬರುತ್ತಿದ್ದಳು. ನಿಶಾ ಅಂತ. ಜ್ವರ ಏರಿದಾಗಲೇ ಕಿವಿಯಿಂದ ಹನಿ ರಕ್ತ ತೆಗೆಯಿರಿ, ಇಳಿದ ಮೇಲೆ ತೆಗೆದರೆ ಹುಳ ಸಿಗುವುದಿಲ್ಲ ಅಂದಳು. ಸಿಕ್ಕರೆ ಸೂಜಿ ಇದೆ, ಎಮ್ಮೆ ಉಳಿಯುತ್ತದೆ.

ಜ್ವರ ಏರುವುದು ರಾತ್ರಿ. ರಾತ್ರಿ ಡಾಕ್ಟರ್ ಇರುವುದಿಲ್ಲ. ಆ ಕೆಲಸ ನನ್ನ ಹೆಂಡತಿ ಚಂದ್ರಬಾಯಿ ಹಿಡಿದಳು.

ಕಿವಿ ಮುಟ್ಟಿಯೇ ಜ್ವರ ಹೇಳುತ್ತಿದ್ದಳು. ಗಾಜಿನ ಪಟ್ಟಿಯ ಮೇಲೆ ಹನಿ ಇಳಿಸಿ ಡಬ್ಬಿಯಲ್ಲಿ ಇಡುತ್ತಿದ್ದಳು. ಟಿಣ್. ಅಂಕಿ ಬರೆಯಲು ಬರುತ್ತಿರಲಿಲ್ಲ. ಸಾಲಿನಲ್ಲಿ ಎಷ್ಟನೇ ಎಮ್ಮೆಯೋ ಗಾಜಿನ ತುದಿಗೆ ಅಷ್ಟು ಚುಕ್ಕೆ, ನೇಲ್ ಪಾಲಿಶಿನದು. ಎಮ್ಮೆಗೆ ಬಣ್ಣ, ನಿನ್ನ ಉಗುರಿಗೆ ಸೆಗಣಿ ಅಂತ ಭೀಮು ಅಕ್ಕನನ್ನು ಕಾಡಿಸುತ್ತಿದ್ದ.

ಮಳೆಗಾಲದಲ್ಲಿ ಅವಳಿಗೇ ಜ್ವರ ಬಂತು. ಏರಿತು, ಇಳಿಯಿತು, ಏರಿತು. ಒಂದು ರಾತ್ರಿ ನನ್ನ ಕೈ ಎಳೆದು ತನ್ನ ಕಿವಿಗೆ ಹಿಡಿದಳು.

"ನೋಡು... ಸುಡಾಕತ್ತೈತಿ. ನಂದೂ ಒಂದು ಗಾಜು ತಗೀ."

"ನೀ ಏನ್ ಎಮ್ಮೀನ? ಗುಳಿಗಿ ತಗೊಂಡು ಮಲ್ಕೊ."

"ಎಮ್ಮೀ ಆಗಿದ್ರ ಚಲೋ ಇತ್ತು. ಎದ್ದು ಬರ್ತಿದ್ದಿ."

ಅಂದು ನಕ್ಕಳು. ನಾನು ಗುಳಿಗೆ ಕೊಟ್ಟು ಹಾಲು ಹಿಂಡಲು ಹೋದೆ. ನಮ್ಮಲ್ಲಿ ರಾತ್ರಿ ಎರಡಕ್ಕೆ ಹಿಂಡುವುದು. ಅದು ಮುಗಿದ ಮೇಲೆ, ಬೆಳಗಾದ ಮೇಲೆ, ಆಸ್ಪತ್ರೆಗೆ ಕರೆದೊಯ್ದೆ. ಜ್ವರ ಇಳಿದಿತ್ತು. ರಕ್ತ ನೋಡಿದರು. ಏನೂ ಇಲ್ಲ. ಪ್ರತಿ ಸಲವೂ ಹಾಗೆಯೇ ಮಾಡಿದೆ. ಮೊದಲು ಗುಳಿಗೆ, ಆಮೇಲೆ ಹಾಲು, ಆಮೇಲೆ ಅವಳು.

ಶ್ರಾವಣದಲ್ಲಿ ಹೋದಳು. ಯಾವ ಜ್ವರ ಅಂತ ಯಾರಿಗೂ ಗೊತ್ತಾಗಲಿಲ್ಲ. ಆ ರಾತ್ರಿ ಒಂದು ಹನಿ ತೆಗೆದಿದ್ದರೆ... ಅದೇ ನನ್ನ ಎದೆಯಲ್ಲಿ ಕೂತಿದೆ. ಡಬ್ಬಿಯನ್ನು ಬಟ್ಟೆಯಲ್ಲಿ ಕಟ್ಟಿ ಅಟ್ಟದ ಮೇಲೆ ಇಟ್ಟೆ. ಗಾಜು ಎಲ್ಲ ತೊಳೆದು ಇಟ್ಟಿದ್ದೆ.

ಆಮೇಲೆ ನಾಲ್ಕು ತಿಂಗಳಿಗೆ ಭೀಮು ಆ ಬಾವಿ ದಾಟಿ ಬಂದದ್ದು.

ತಬೇಲಾದ ಬಾಗಿಲಲ್ಲಿ ಇಣುಕಿದ. ಮೂರನೇ ಎಮ್ಮೆಯ ಹತ್ತಿರ ಒಬ್ಬಳು ನಿಂತಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿತ್ತು. ಎಮ್ಮೆಯ ಕಿವಿ ಹಿಡಿದಿದ್ದಳು. ಮುಖ ಆಚೆ.

"ಅಕ್ಕಾ..." ಅಂದ.

ಅವಳು ತಿರುಗಲಿಲ್ಲ. "ಕಿವಿ ಸುಡಾಕತ್ತಾವ, ಭೀಮು. ನಿಮ್ಮ ಮಾವಗ ಹೇಳು... ಈಗ ತಗೀ ಅಂತ. ಮುಂಜಾನಿಗಿ ಬ್ಯಾಡ."

ಅವನು ಓಡಿ ಬಂದು ನನ್ನನ್ನು ಎಬ್ಬಿಸಿ ಅವಳ ಮಾತು ಹೇಳಿದ. ಇಬ್ಬರೂ ಬ್ಯಾಟರಿ ಹಿಡಿದು ಹೋದೆವು. ಯಾರೂ ಇಲ್ಲ. ಮೂರನೇ ಎಮ್ಮೆ ಗೂಟ ಸುತ್ತುತ್ತಿತ್ತು. ಧಪ್... ಧಪ್... ಹಿಂದೆ ಸರಪಳಿ ಕರ್ರ್ ಅಂತ ಎಳೆದುಕೊಂಡು. ಕಿವಿ ಮುಟ್ಟಿದೆ. ಬೆಂಕಿ.

ಡಬ್ಬಿ ಇಳಿಸಿದೆ. ಗಂಟು ನಾನು ಹಾಕಿದ್ದೇ, ಯಾರೂ ಬಿಚ್ಚಿರಲಿಲ್ಲ. ಕತ್ತಲಲ್ಲಿ ಕೈಗೆ ಸಿಕ್ಕ ಒಂದು ಗಾಜು ತೆಗೆದು, ಹನಿ ಇಳಿಸಿ, ಮೂರು ಚುಕ್ಕೆ ಇಟ್ಟೆ. ಡಾಕ್ಟರಿಗೆ ಫೋನ್ ಹಚ್ಚಿದೆ. ಬರುವ ತನಕ ಎಮ್ಮೆಯ ಬಾಜೂ ಕೂತೆ. ಅವತ್ತು ಹಾಲು ತಡವಾಯಿತು. ತಬೇಲಾದ ಮಾಲೀಕ ಸೇಠ ಬೈದ. ಬೈಯಲಿ.

ನಿಶಾ ತಾನಿರುವ ವರ್ತಕ ನಗರದಿಂದ ರಿಕ್ಷಾ ಮಾಡಿಕೊಂಡು ಕತ್ತಲಲ್ಲೇ ಬಂದಳು. ಹಿಂಡಿಯ ಪೆಟ್ಟಿಗೆಯ ಮೇಲೆ ಹುಳ ದೊಡ್ಡದಾಗಿ ತೋರಿಸುವ ದುರ್ಬೀನು ಇಟ್ಟು ನೋಡಿದಳು. ಹುಳ ಇತ್ತು. ಸೂಜಿ ಹಾಕಿದಳು. ಆ ಎಮ್ಮೆ ಇವತ್ತೂ ಹಾಲು ಕೊಡುತ್ತದೆ. ಬಂದು ನೋಡಿ ಬೇಕಾದರೆ.

ಆಮೇಲೆ ಅವಳು ಡಬ್ಬಿಯಿಂದ ಇನ್ನೊಂದು ಗಾಜು ತೆಗೆದಳು. ನಾನು ಹನಿ ಇಳಿಸಿದ್ದು ಒಂದೇ ಗಾಜಿಗೆ. ಇದಕ್ಕೆ ಚುಕ್ಕೆ ಇರಲಿಲ್ಲ. ತುದಿಗೆ ಒಂದು ಕೆಂಪು ಟಿಕಳಿ ಅಂಟಿಸಿತ್ತು, ಹೆಂಗಸರು ಹಣೆಗೆ ಇಡುವಂಥದ್ದು, ಚಂದ್ರಬಾಯಿ ಇಡುತ್ತಿದ್ದುದೂ ಅದೇ. ನಡುವೆ ಒಂದು ಹನಿ ರಕ್ತ.

ನಿಶಾ ದುರ್ಬೀನಿಗೆ ಹಾಕಿದಳು. ತೆಗೆದು ಮತ್ತೆ ಹಾಕಿ ನೋಡಿದಳು.

"ಯೇ ಕಿಸ್ಕಾ ಹೈ, ಕಾಕಾ? ಯಾರ್ದು ಇದು? ರಕ್ತದ ಕಣ ದೊಡ್ಡವು, ಇದು ಎಮ್ಮೇದಲ್ಲ... ಮನುಷ್ಯರದು. ಇದ್ರಲ್ಲೂ ಅದೇ ಹುಳ. ಓಡಾಡ್ತಿದಾವೆ."

"ನನ್ನ ಹೆಂಡ್ತೀದು" ಅಂದೆ.

"ಕಾಕಾ... ಅವ್ರು ಹೋಗಿ ನಾಲ್ಕು ತಿಂಗಳು."

"ಹೌದವ್ವ. ಅಕೀ ಹೆಸರು ಬರಕೊ."

ಅವಳು ಬರೆದುಕೊಂಡಳು. ಚಂದ್ರಬಾಯಿ. ಮುಂದೆ ರೋಗದ ಹೆಸರು.

ಮಂದಿ ನಂಬುವುದಿಲ್ಲ. ಬಿಡಲಿ. ಭೀಮು ಇದ್ದಾನೆ, ಕೇಳಿ. ನಿಶಾ ಗಾಜು ತಿರುಗಿ ಕೊಟ್ಟಾಗ ನಾನು ಕೈಯಲ್ಲಿ ಹಿಡಿದಿದ್ದೇನೆ. ಹೊರಗೆ ಚಳಿ ಇತ್ತು. ಎಮ್ಮೆಗಳ ಬಾಯಿಂದ ಹೊಗೆ ಬರುತ್ತಿತ್ತು.

ಗಾಜು ಬಿಸಿ ಇತ್ತು.