ಏಳನೇ ತಟ್ಟೆ

ಆ ಬಂಜೆತನದ ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ಕಾಲು ಕುಂಟದ ಕುರ್ಚಿ ಒಂದೇ ಒಂದಿತ್ತೆಂಬ ಘನಗಂಭೀರ ಸಂಗತಿಯನ್ನು ಮೊದಲೇ ಹೇಳಿಬಿಡಬೇಕು. ಅದು ನೀರಿನ ಯಂತ್ರದ ಪಕ್ಕದಲ್ಲಿತ್ತು. ಟೈಲರಮ್ಮ ಏಳನೇ ನಂಬರಿನ ಚೀಟಿ ಹಿಡಿದು ಅದರಲ್ಲಿ ಕೂತು, ಲ್ಯಾಬಿನಲ್ಲಿ ಅದೇ ನಂಬರಿನ ತಟ್ಟೆಯಲ್ಲಿಟ್ಟ ತನ್ನ ಭ್ರೂಣ ಬೆಳೆದಿದೆಯೋ ಇಲ್ಲವೋ ಎಂಬ ಸುದ್ದಿಗೆ ಕಾಯುತ್ತಿದ್ದಳು. ಲ್ಯಾಬಿನ ಹೆಂಗಸರಿಬ್ಬರು ನೀರಿಗೆ ಬಂದರು.

“ಅಕ್ಕ, ಏಳನೇ ತಟ್ಟೆ ವಿಡಿಯೊ ನೋಡಿದ್ರಾ?”

“ನಿನ್ನೆ ಚೆನ್ನಾಗೇ ಇತ್ತಲ್ಲೇ.”

“ಎರಡಾಗಬೇಕಾದ ಕೋಶ ಮೂರಾಯ್ತು. ಒಳಗಿನ ಎಳೆಗಳು ಮೂರು ಕಡೆಗೂ ಎಳೆದಾಡಿಬಿಟ್ವು.”

“ಎಳೆಗಳನ್ನ ಎರಡೇ ತುದಿಗೆ ಕಟ್ಟಿಡೋ ಪ್ರೋಟೀನು ಕೈಕೊಟ್ಟಿರಬೇಕು. ಅದಿಲ್ದಿದ್ರೆ ಹೇಳೋರಿಲ್ಲ, ಕೇಳೋರಿಲ್ಲ.”

“ನಿಂತುಹೋಗತ್ತೆ ಅಂದ್ಕೊಂಡೆ. ಎಲ್ಲಿ? ತೆಗೆದು ಎಸೆಯೋವರೆಗೂ ಒಡೀತಾನೇ ಇತ್ತು. ಯಾರೋ ಮೂರನೆಯವರು ಒಳಗೆ ಕೂತು ಎಳೀತಿರೋ ಹಾಗೆ.”

“ಹೋಗೇ, ಹೆದರಿಸ್ಬೇಡ. ತೆಗೆಯೋವಾಗ ಎಂದಿನ ಹಾಗೆ ‘ಹೋಗಿ ಬಾ’ ಅಂದ್ಯಾ?”

“ಇದಕ್ಕೆ ‘ಬಾ’ ಅನ್ನೋಕೆ ಧೈರ್ಯ ಬರಲಿಲ್ಲ ಅಕ್ಕ. ‘ಹೋಗು’ ಅಂದೆ, ಅಷ್ಟೇ.”

ಅಕ್ಕ ನಗಲಿಲ್ಲ. ಇಬ್ಬರೂ ಲೋಟ ಬಿಸಾಡಿ ಒಳಗೆ ಹೋದರು.

ಎಳೆ ಹಿಡಿತ ತಪ್ಪಿದರೆ ಏನಾಗುತ್ತದೆಂದು ಟೈಲರಮ್ಮನಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಐದು ನಿಮಿಷಕ್ಕೆ ಏಳನೇ ನಂಬರು ಕರೆದರು. ಬಾಗಿಲ ತನಕ ಹೋಗಿ ಅವಳು ತಿರುಗಿ ನೋಡಿದಳು. ಕುಂಟದ ಕುರ್ಚಿಯಲ್ಲಿ ಆಗಲೇ ಬೇರೆಯವರು ಕೂತಿದ್ದರು.