ಫಿಶೆಲನ ಕನ್ನಡಕ

ಇಸ್ರೇಲಿನ ಮಡಿವಂತ ಯಹೂದಿಗಳ ಊರಾದ ಬ್ನೇಯ್ ಬ್ರಾಕ್‌ನಲ್ಲಿ ನಮ್ಮ ಬೀದಿಯ ಬಸ್ಸು ಹೇಳಿದ ಹೊತ್ತಿಗೆ ಬಂದದ್ದೇ ಇಲ್ಲ. ಅದನ್ನು ನಡೆಸುವವರನ್ನು ಬೈದುಕೊಳ್ಳುತ್ತ ಸಾಲಿನಲ್ಲಿ ನಿಂತಿದ್ದೆ. ನನ್ನ ಮುಂದೆ ಗಡ್ಡದ ಯಜಮಾನನೊಬ್ಬ, ಜೊತೆಗೆ ಅವನ ಅಕ್ಕನ ಮಗ.

“ನಿನ್ನೆ ಹೋಟೆಲಲ್ಲಿ ನೋಡಿದ ಹುಡುಗಿ ಹೇಗಿದ್ದಾಳೋ ಫಿಶೆಲ್? ಸಂಜೆಯೊಳಗೆ ಅವರಿಗೆ ಉತ್ತರ ಹೇಳ್ಬೇಕು.”

“ಒಳ್ಳೆ ಹುಡುಗಿ ಮಾವ. ನಗು ಬರೋ ಹಾಗೆ ಮಾತಾಡ್ತಾಳೆ.”

“ಮುಖ?”

“ನೋಡ್ಲಿಲ್ಲ.”

“ಎದುರಿಗೇ ಕೂತಿದ್ಲಲ್ಲೋ!”

“ಕನ್ನಡಕ ಜೇಬಲ್ಲಿತ್ತು. ಹೆಂಗಸರ ಮೇಲೆ ಕಣ್ಣು ಬೀಳಬಾರದು ಅಂತ ಹೊರಗೆ ಯಾವಾಗ್ಲೂ ತೆಗೆದೇ ಓಡಾಡ್ತೀನಲ್ಲ?”

“ಕತ್ತೆ! ಬೀದಿಯ ಹೆಂಗಸರನ್ನ ನೋಡಬೇಡ ಅಂದ ಧರ್ಮಶಾಸ್ತ್ರವೇ, ಮದುವೆ ಆಗೋ ಹೆಣ್ಣನ್ನ ನೋಡದೆ ಒಪ್ಪಬೇಡ ಅಂತಲೂ ಹೇಳಿದೆ. ಆ ಪುಟ ಓದೋವಾಗಲೂ ಕನ್ನಡಕ ತೆಗೆದಿದ್ಯಾ?”

“ಈಗೇನ್ಮಾಡ್ಲಿ? ನಂಗೆ ಅವಳೇ ಬೇಕು ಮಾವ. ಅವಳು ಬೇಡ ಅಂದುಬಿಟ್ರೆ?”

“ಅವಳ ಮಾತು ಬೆಳಿಗ್ಗೇನೇ ಬಂತು. ಹುಡುಗ ಒಳ್ಳೆಯವನೇ, ಆದ್ರೆ ಇಡೀ ಹೊತ್ತು ಪಕ್ಕದ ಹೂವಿನ ಕುಂಡ ನೋಡ್ಕೊಂಡು ನಗ್ತಿದ್ದ, ಅಂದ್ಲಂತೆ.”

“ಅಯ್ಯೋ! ಆಮೇಲೆ?”

“ನಾಳೆ ಇನ್ನೊಂದ್ಸಲ ಬರ್ಲಿ, ಕುಂಡ ತೆಗೆಸಿರ್ತೀನಿ, ಅಂದ್ಲಂತೆ.”

ಬಸ್ಸು ಬಂತು. ಫಿಶೆಲ್ ಜೇಬಿನಿಂದ ಕನ್ನಡಕ ತೆಗೆದು, ಅಂಗಿಯ ತುದಿಯಿಂದ ಎರಡೂ ಗಾಜನ್ನು ಚೆನ್ನಾಗಿ ಒರೆಸಿ, ಮತ್ತೆ ಜೇಬಿಗೇ ಇಟ್ಟುಕೊಂಡ.

“ಹಾಕ್ಕೊಳ್ಳೋ, ಮೆಟ್ಟಿಲು ಎಡವ್ತೀಯ!”

“ಇದು ನಾಳೆಗೆ ಮಾವ,” ಎಂದವನು ಮಾವನ ತೋಳು ಹಿಡಿದು ಬಸ್ಸು ಹತ್ತಿದ.